ಹೆಗಲಿಗೆ ಅಳೆದು ಕೊಟ್ಟ ಭಾರ

12 ಜುಲೈ 2022, ಕೋಟೇಶ್ವರ

ಶಾಲೆಗಳ ಯೂನಿಫಾರಂ ಹೊಲಿಗೆ ಅಂತೂ ಮುಗಿಯುತ್ತಾ ಬಂತು. ಆದರೆ ಕುತ್ತಿಗೆಯ ಬುಡದಿಂದ ಬಲಹೆಗಲ ತುದಿಯವರೆಗಿನ ಬಿಗಿತ ಬಿಡುತ್ತಿಲ್ಲ. ಕುಂದಾಪುರದ ಫಿಸಿಯೋಥೆರಪಿಸ್ಟ್ ಇವತ್ತು ಗೋಡೆಯ ಚಿತ್ರದಲ್ಲಿ ಟ್ರಪೀಜಿಯಸ್ ಸ್ನಾಯುವನ್ನು ತೋರಿಸಿದರು. ಅದು ತಲೆಬುರುಡೆಯ ಹಿಂಬದಿಯಿಂದ ಹೊರಟು, ಬೆನ್ನೆಲುಬಿನ ಜೊತೆ ಬೆನ್ನಿನ ನಡುಭಾಗ ದಾಟಿ ಇಳಿದು, ಎರಡೂ ಬದಿಯ ಹೆಗಲೆಲುಬಿಗೆ ಹರಡಿಕೊಂಡಿದೆ. ಮಿಷನ್ನಿನ ಮುಂದೆ ಬಗ್ಗಿ ಕೂತಾಗ ಅದರ ಮೇಲ್ಭಾಗ ಇಡೀ ದಿನ ಸಣ್ಣಗೆ ಬಿಗಿದುಕೊಂಡೇ ಇರುತ್ತದಂತೆ. ಮುಲಾಮು ಬರೆದುಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಡಂಬೆಲ್ ಹಿಡಿದು ಹೆಗಲೆತ್ತಲು. ನೋಯುವ ಜಾಗಕ್ಕೇ ಭಾರ!

ಕೋಪನ್‌ಹೇಗನ್ನಿನಲ್ಲಿ ಇದೇ ನೋವಿದ್ದ ಹೆಂಗಸರ ಮೇಲೆ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿದೆಯಂತೆ. ಒಂದು ಗುಂಪಿನವರು ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷ, ಹೀಗೆ 10 ವಾರ ಡಂಬೆಲ್ ವ್ಯಾಯಾಮ ಮಾಡಿದರು. ಅದರಲ್ಲಿ ಹೆಗಲೆತ್ತುವುದೂ ಇತ್ತು. ಇನ್ನೊಂದು ಗುಂಪಿನವರು ಸೈಕಲ್ ತುಳಿದರು. ನೋವು ಬಹಳ ಇಳಿದದ್ದು ಡಂಬೆಲ್ ಎತ್ತಿದವರಿಗೆ.

15 ಜುಲೈ

ಹೆಗಲೆತ್ತುವುದನ್ನು ಕಲಿಯಲು ಜಿಮ್ಮಿಗೆ ಹೋದೆ. ಕಲಿಸುವ ಹುಡುಗ ನನ್ನ ತಮ್ಮನ ವಯಸ್ಸಿನವ. ಕಲಿಸುವಾಗ ಒಂದಿಷ್ಟೂ ಅವಸರವಿಲ್ಲ. "ಅಕ್ಕಾ, ಕೈಯಂಗೆ ಎತ್ತುದಲ್ಲ. ಕೈ ಬರೀ ಕೊಕ್ಕೆ. ಹೆಗ್ಲ್ ಮಾತ್ರ ಮೇಲ್ ಹೋಯ್ಕ್. ಕುತ್ಗಿ ಮುಂದ್ ಹಾಕುಕಾಗ" ಅಂದ.

ಎರಡೂ ಕೈಗೆ ಐದೈದು ಕೆ.ಜಿ. ಮೊಣಕೈ ಮಡಚದೆ ಹೆಗಲನ್ನು ಕಿವಿಯತ್ತ ನೇರ ಎತ್ತಬೇಕು, ಮೇಲೆ ಒಂದು ಗಳಿಗೆ ನಿಲ್ಲಬೇಕು, ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಬೇಕು. ಪಕ್ಕದಲ್ಲಿ ಒಬ್ಬರು ಹೆಗಲನ್ನು ಗಾಣದಂತೆ ತಿರುಗಿಸುತ್ತಿದ್ದರು. ಭಾರ ಎಳೆಯುವುದು ಕೆಳಕ್ಕೆ, ತಿರುಗಿಸಿದರೆ ಸ್ನಾಯುವಿಗೆ ಹೆಚ್ಚಿನ ಕೆಲಸವೇನೂ ಸಿಗುವುದಿಲ್ಲ ಎಂದು ಹುಡುಗ ಅವರಿಗೂ ಹೇಳಿದ. ಇಳಿಸುವಾಗಲೇ ನಿಜವಾದ ಶ್ರಮ ಎಂದು ನನಗೆ ತೋರಿತು. ಆಗ ಹೆಗಲು ಜಾರಿಬೀಳಲು ನೋಡುತ್ತದೆ, ಅದನ್ನು ತಡೆಹಿಡಿಯಬೇಕು.

21 ಜುಲೈ

ಅತ್ತೆ ಇವತ್ತು ಕೇಳಿದ ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ. ಅವರು ಪ್ರಾಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ತಲೆಹೊರೆ ಹೊತ್ತವರು, ಮನೆಗೆ ಬಂದರೆ ಹುಲ್ಲಿನ ಹೊರೆ, ಸೊಪ್ಪಿನ ಹೊರೆ. "ಹೊತ್ರೆ ಗಟ್ಟಿ ಆಪುದಾರೆ ನನ್ ಹೆಗ್ಲ್ ಕಲ್ಲಾಯ್ಕಿತ್ತ್ ಮಗಾ" ಎಂದರು. ಈಗ ಅವರಿಗೆ ತಲೆ ಬಾಚಲೂ ಕೈ ಮೇಲೇಳುವುದಿಲ್ಲ. ಉತ್ತರ ಹೊಳೆಯದೆ ಸುಮ್ಮನಾದೆ.

23 ಜುಲೈ

ಫಿಸಿಯೋಥೆರಪಿಸ್ಟರನ್ನು ಅದನ್ನೇ ಕೇಳಿದೆ. ತಲೆಯ ಮೇಲಿನ ಹೊರೆ ಕುತ್ತಿಗೆಯ ಎಲುಬುಗಳನ್ನು ಮೇಲಿನಿಂದ ಒತ್ತುತ್ತದೆ ಎಂದರು. ಕೈಯಲ್ಲಿ ಹಿಡಿದ ಭಾರವನ್ನು ಹೆಗಲಿನ ಸ್ನಾಯು ಹಿಗ್ಗುತ್ತ ಕುಗ್ಗುತ್ತ ಎತ್ತಿ ಇಳಿಸುತ್ತದೆ. ಹತ್ತು ಸಲ ಎತ್ತಿ ಕೆಳಗಿಟ್ಟರೆ ಆಯಿತು, ಮಾರನೆಯ ದಿನ ಅದಕ್ಕೆ ರಜೆ. ಆ ಬಿಡುವಿನಲ್ಲೇ ಸ್ನಾಯು ರಿಪೇರಿಯಾಗಿ ಬಲಗೊಳ್ಳುವುದು. ಅತ್ತೆಯ ಹೊರೆಯನ್ನು ಅಳೆದವರು ಯಾರು? ಸಾಕು, ಕೆಳಗಿಡು ಎಂದವರು ಯಾರು? ನಮ್ಮ ಊರ ಹೆಂಗಸರ ಮೈ ದುಡಿದು ಗಟ್ಟಿಯಾದದ್ದು ಎಂದು ಹೊಗಳುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

28 ಜುಲೈ

ಆಸಾಡಿ ಅಮಾಸಿ, ಕುಂದಾಪ್ರ ಕನ್ನಡ ದಿನ. ಮಧ್ಯಾಹ್ನ ಬ್ರಹ್ಮಾವರದ ಅಕ್ಕನ ಮನೆಯಲ್ಲಿ ಊಟ. ಅಕ್ಕನೂ ಹೆಗಲು ಹಿಡಿದುಕೊಂಡೇ ಬಡಿಸಿದಳು. ನೀರು ತುಂಬಿದ ಬಾಟಲಿ ಎರಡು ಕೊಟ್ಟು ಎತ್ತಿಸಿದೆ.

30 ಜುಲೈ

ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು ಮೊಬೈಲಿನಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟ ನೋಡಿದೆವು. ನಮ್ಮ ವಂಡ್ಸೆಯ ಗುರುರಾಜ ಪೂಜಾರಿ, ಭಾರ ಎತ್ತುವ ಸ್ಪರ್ಧೆಯ 61 ಕೆ.ಜಿ. ವಿಭಾಗ. ಸ್ನ್ಯಾಚ್‌ನಲ್ಲಿ 118, ಕ್ಲೀನ್ ಅಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕೆ.ಜಿ. ಕಂಚು! ನಾಲ್ಕನೆಯವರಾದ ಕೆನಡಾದವರಿಗಿಂತ ಒಂದೇ ಕೆ.ಜಿ. ಹೆಚ್ಚು. 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ 249 ಎತ್ತಿ ಬೆಳ್ಳಿ ತಂದವರೂ ಇವರೇ, ಆ ಕೂಟದಲ್ಲಿ ಭಾರತಕ್ಕೆ ಅದು ಮೊದಲ ಪದಕ. ಕುಸ್ತಿಯ ಆಸೆಯಿಟ್ಟುಕೊಂಡಿದ್ದವರು, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ತಿರುಗಿದರು.

ಈ ಸಲ ನನ್ನ ಕಣ್ಣು ಹೋದದ್ದು ಅವರ ಹೆಗಲಿಗೆ. ಬಾರ್ ತೊಡೆ ದಾಟುವಾಗ ಕಾಲು, ಸೊಂಟ ನೆಟ್ಟಗಾಗುತ್ತವೆ, ಆ ಕ್ಷಣ ಹೆಗಲು ಕಿವಿಯತ್ತ ಹಾರುತ್ತದೆ, ಮರುಕ್ಷಣ ಅವರು ಬಾರ್‌ನ ಅಡಿಗೆ ಇಳಿದಿರುತ್ತಾರೆ. ನಾನು ಐದು ಕೆ.ಜಿ. ಹಿಡಿದು ಕಲಿಯುತ್ತಿರುವ ಚಲನೆ ಅದರೊಳಗಿದೆ. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದೆವು. ನನಗೆ ಕಣ್ಣು ತುಂಬಿತು.

9 ಆಗಸ್ಟ್

ಈಗ ಏಳೂವರೆ ಕೆ.ಜಿ. ಜೊತೆಗೆ ಬೆಂಚಿಗೆ ಕೈಯೂರಿ, ಬಗ್ಗಿ ಡಂಬೆಲನ್ನು ಪಕ್ಕೆಯತ್ತ ಎಳೆಯುವುದನ್ನೂ ಸೇರಿಸಿದ್ದಾರೆ. ಹೆಗಲೆತ್ತಿದರೆ ಟ್ರಪೀಜಿಯಸ್ಸಿನ ಮೇಲ್ಭಾಗಕ್ಕೆ ಮಾತ್ರ ಹೆಚ್ಚು ಕೆಲಸ, ನಡುಭಾಗಕ್ಕೆ ಎಳೆಯುವ ವ್ಯಾಯಾಮವೇ ಬೇಕು. ಸಂಜೆಯ ಬಿಗಿತ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಬಡಗಿಯನ್ನು ಕರೆಸಿ ಮಿಷನ್ ಟೇಬಲ್ಲಿನ ಕಾಲು ಎತ್ತರಿಸಲು ಹೇಳಿದೆ. ಬೈಂದೂರಿನಿಂದ ಬಂದು ಕೆಲಸಕ್ಕೆ ಕೂರುವ ಹುಡುಗಿಗೆ ಗಂಟೆಗೊಮ್ಮೆ ಏಳಲೇಬೇಕು ಎಂದೆ, ಸಂಬಳ ಕಡಿತವಿಲ್ಲ. ಅತ್ತೆಯನ್ನು ಶುಕ್ರವಾರ ಫಿಸಿಯೋಥೆರಪಿಸ್ಟರ ಹತ್ತಿರ ಕರೆದುಕೊಂಡು ಹೋಗುವುದು. ಒಪ್ಪಿದ್ದಾರೆ.