ಎಸ್.ಪಿ. ರಸ್ತೆಯ ಹಿರಿಯದೂ ಕಿರಿಯದೂ

ಬೆಂಗಳೂರನ್ನು ನೋಡಬಂದ ಹೊರಊರಿನವರು ಸಾಮಾನ್ಯವಾಗಿ ಲಾಲ್‌ಬಾಗನ್ನೂ ವಿಧಾನಸೌಧವನ್ನೂ ಕಂಡು, ಸಮಯವುಳಿದರೆ ಚಿಕ್ಕಪೇಟೆಯಲ್ಲಿ ಒಂದೆರಡು ಸೀರೆಗಳನ್ನು ಕೊಂಡು ಹಿಂದಿರುಗುವರು. ಆ ಚಿಕ್ಕಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿಯೇ ಇರುವ ಮತ್ತೊಂದು ಬೀದಿಯ ಹೆಸರನ್ನು ಮನೆಮನೆಯ ಮಕ್ಕಳು ಬಲ್ಲರು. ಹಿರಿಯರು ಅಷ್ಟಾಗಿ ಅರಿಯರು. ಸಾದರ ಪತ್ರಪ್ಪ ರಸ್ತೆಯೆಂಬುದು ಅದರ ಪೂರ್ಣ ನಾಮ. ಜನರ ಬಾಯಲ್ಲಿ ಅದು ಎಸ್.ಪಿ. ರಸ್ತೆ. ಕಂಪ್ಯೂಟರಿನ ಯಾವ ಅಂಗ ಕೆಟ್ಟರೂ ಅದಕ್ಕೆ ಬದಲಿ ದೊರೆಯುವುದು ಇಲ್ಲಿಯೇ.

ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದ ಈ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಏರ್ಪಟ್ಟಿತು. ಧಾನ್ಯಕ್ಕೆ ತರಗುಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಹೀಗೆ ಸರಕಿನ ಹೆಸರೇ ಸ್ಥಳದ ಹೆಸರಾಯಿತು. ಸರಕು ಬದಲಾದರೂ ಒಂದೇ ಬಗೆಯ ವ್ಯಾಪಾರಿಗಳು ಒಂದೆಡೆ ನೆರೆಯುವ ಪದ್ಧತಿ ಬದಲಾಗಲಿಲ್ಲ. ಹಿಂದಿನವರಾಗಿದ್ದರೆ ಎಸ್.ಪಿ. ರಸ್ತೆಗೆ ಕಂಪ್ಯೂಟರುಪೇಟೆಯೆಂದೇ ಹೆಸರಿಡುತ್ತಿದ್ದರೇನೋ.

೨೦೨೫ರ ನವೆಂಬರಿನಲ್ಲಿ ನಾವು ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಅಲ್ಲಿಗೆ ಹೊರಟೆವು. ನಮ್ಮೊಡನೆ ನೆರೆಮನೆಯ ತಾಯಿ ಮಗಳು ಇದ್ದರು. ತಾಯಿ ಮನೆಯಲ್ಲಿಯೇ ರವಿಕೆ ಹೊಲಿದು ಸಂಸಾರ ನಡೆಸತಕ್ಕವರು. ಮಗಳು ಅನಿಮೇಷನ್ ಓದುತ್ತಿರುವಳು. ವರ್ಷಾಂತ್ಯಕ್ಕೆ ಒಂದು ಕಿರುಚಿತ್ರವನ್ನು ಒಪ್ಪಿಸಬೇಕು. ಮನೆಯ ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡು ಇಲ್ಲ. ತಾಯಿ ಎರಡು ವರ್ಷ ಕಟ್ಟಿದ ಚೀಟಿಯ ಹಣ ಅವರ ಕೈಚೀಲದಲ್ಲಿತ್ತು. ಅದು ತಪ್ಪಾದ ವಸ್ತುವಿಗೆ ಹೋದರೆ ಮತ್ತೆ ಕೂಡಿಸಲು ಇನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಹುಡುಗಿಯ ಓದು ಮುಗಿದಿರುವುದು.

ಮೆಜೆಸ್ಟಿಕ್ಕಿನಲ್ಲಿಳಿದು ನೆಲದಡಿಯ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಮೇಲೆ ಬಂದರೆ ಹಿಂದೆ ದೊಡ್ಡಪೇಟೆಯೆನಿಸಿದ್ದ ಅವೆನ್ಯೂ ರಸ್ತೆ ಹತ್ತಿರ. ಪುಸ್ತಕದ ಅಂಗಡಿಗಳನ್ನು ದಾಟಿ ನಗರ್ತಪೇಟೆಯ ಇಕ್ಕಟ್ಟಿನೊಳಗೆ ನುಗ್ಗಿದರೆ ಗಾಳಿಯ ವಾಸನೆಯೇ ಬದಲಾಗುವುದು. ಹೂವು, ಧೂಪಗಳ ಪರಿಮಳ ಹಿಂದಾಗಿ, ರಟ್ಟಿನ ಪೆಟ್ಟಿಗೆಗಳ ಮತ್ತು ಬೆಸುಗೆಯ ವಾಸನೆ ಮುಂದಾಗುವುದು. ತಲೆಯ ಮೇಲೆ ತಂತಿಗಳ ಹಂದರ. ಕೆಳಗೆ ಕೈಗಾಡಿ, ದ್ವಿಚಕ್ರ ವಾಹನ, ಹೊರೆ ಹೊತ್ತ ಆಳುಗಳ ನೂಕುನುಗ್ಗಲು. ಮೂರು ಮಾರಿನ ಅಗಲದ ಅಂಗಡಿಯೊಂದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಗಿರಾಕಿಯ ಮುಖ ಕಂಡೊಡನೆ ಕನ್ನಡ, ತಮಿಳು, ಹಿಂದಿಗಳಲ್ಲಿ ಕರೆ. ಹೊಸದು, ಹಳೆಯದು, ಒಮ್ಮೆ ಕೆಟ್ಟು ರಿಪೇರಿಯಾದುದು, ಎಲ್ಲವೂ ಒಂದೇ ಗೂಡಿನಲ್ಲಿ.

ಗ್ರಾಫಿಕ್ಸ್ ಕಾರ್ಡೆಂದರೇನೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವುದು ಉಚಿತ. ಪರದೆಯ ಮೇಲಿನ ಚಿತ್ರವು ಸಣ್ಣ ಚುಕ್ಕಿಗಳಿಂದಾದುದು. ಸಾಧಾರಣ ಪರದೆಯೊಂದರಲ್ಲಿ ಅವು ೨೦ ಲಕ್ಷಕ್ಕೂ ಹೆಚ್ಚು. ಸೆಕೆಂಡಿಗೆ ೬೦ ಬಾರಿ ಅಷ್ಟೂ ಚುಕ್ಕಿಗಳ ಬಣ್ಣವನ್ನು ಲೆಕ್ಕಹಾಕಬೇಕು. ಕಂಪ್ಯೂಟರಿನ ಮುಖ್ಯ ಮೆದುಳು ನುರಿತ ಅಡಿಗೆಯವನಂತೆ. ಯಾವ ಕೆಲಸವನ್ನಾದರೂ ಮಾಡಬಲ್ಲದು, ಆದರೆ ಕೈಗಳು ಕೆಲವೇ. ಗ್ರಾಫಿಕ್ಸ್ ಕಾರ್ಡು ಮದುವೆಯ ಮನೆಯಲ್ಲಿ ಸಾಲಾಗಿ ಕುಳಿತು ಹೋಳಿಗೆ ತಟ್ಟುವವರಂತೆ. ಪ್ರತಿಯೊಬ್ಬರದೂ ಸಣ್ಣ ಕೆಲಸ. ಎಲ್ಲವೂ ಏಕಕಾಲದಲ್ಲಿ ನಡೆಯುವುದು.

ಮೊದಲ ಮಹಡಿಯ ಅಂಗಡಿಯೊಂದರಲ್ಲಿ ವ್ಯಾಪಾರಿಯು ಎರಡು ಕಾರ್ಡುಗಳನ್ನು ಮೇಜಿನ ಮೇಲಿಟ್ಟನು. ಒಂದು, ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ ೧೦೮೦ ಟಿಐ. ೨೦೧೭ರ ಮಾರ್ಚಿಯಲ್ಲಿ ೬೯೯ ಡಾಲರಿಗೆ ಹೊರಬಂದಾಗ ಇದು ಆಟಗಾರರ ಕಾರ್ಡುಗಳಲ್ಲಿ ಅಗ್ರಗಣ್ಯವಾಗಿದ್ದಿತು. ನಾವು ಬಂದ ಚಿಕ್ಕಪೇಟೆಯ ಮೆಟ್ರೋ ನಿಲ್ದಾಣವು ತೆರೆದುದೂ ಅದೇ ವರ್ಷದ ಜೂನಿನಲ್ಲಿ. ಇನ್ನೊಂದು, ಅದೇ ಕಂಪನಿಯ ಆರ್‌ಟಿಎಕ್ಸ್ ೩೦೫೦. ೨೦೨೨ರ ಜನವರಿಯಲ್ಲಿ ೨೪೯ ಡಾಲರಿಗೆ ಬಂದ, ಬಡ ಗಿರಾಕಿಗಳ ಕಾರ್ಡು. ಮೊದಲನೆಯದು ಯಾರೋ ಬಳಸಿ ಮಾರಿದುದು. ಎರಡನೆಯದು ಮೊಹರು ಒಡೆಯದ ಪೆಟ್ಟಿಗೆಯಲ್ಲಿದ್ದುದು. ಹಿರಿಯದರ ಬೆಲೆ ಕಿರಿಯದಕ್ಕಿಂತ ಸ್ವಲ್ಪವೇ ಕಡಿಮೆ.

ಹುಡುಗಿಯ ಕಣ್ಣು ಹಿರಿಯದರ ಮೇಲೆಯೇ ಇದ್ದಿತು. ಅದಕ್ಕೆ ಕಾರಣವೂ ಉಂಟು. ಲೆಕ್ಕ ಮಾಡುವ ಕೈಗಳು, ಅಂದರೆ ಕೋರುಗಳು, ಹಿರಿಯದರಲ್ಲಿ ೩,೫೮೪, ಕಿರಿಯದರಲ್ಲಿ ೨,೫೬೦. ಸ್ಮರಣೆಯು ಹಿರಿಯದರಲ್ಲಿ ೧೧ ಜಿಬಿ, ಕಿರಿಯದರಲ್ಲಿ ೮. ಆ ಸ್ಮರಣೆಯಿಂದ ಸೆಕೆಂಡಿಗೆ ಸಾಗುವ ಮಾಹಿತಿ ಹಿರಿಯದರಲ್ಲಿ ೪೮೪ ಜಿಬಿ, ಕಿರಿಯದರಲ್ಲಿ ೨೨೪. ಎಂಟು ವರ್ಷ ದಾಟಿದ ವಸ್ತುವು ತನಗಿಂತ ಸುಮಾರು ಐದು ವರ್ಷ ಕಿರಿದಾದುದನ್ನು ಬರಿಯ ಬಲದಲ್ಲಿ ಹೀಗೆ ಹಿಂದೆ ಹಾಕುವುದು ಕಂಪ್ಯೂಟರಿನ ಲೋಕದಲ್ಲಿ ಅಪರೂಪ.

“ಏನಮ್ಮಾ, ಆಟಕ್ಕೋ ಕೆಲಸಕ್ಕೋ?” ಎಂದು ವ್ಯಾಪಾರಿಯು ಕೇಳಿದನು.

“ಕೆಲಸಕ್ಕೇ ಅಣ್ಣಾ, ಬ್ಲೆಂಡರ್,” ಎಂದಳು ಹುಡುಗಿ.

“ಹಾಗಾದರೆ ನಾನು ಹೇಳುವುದಕ್ಕಿಂತ ನೀವೇ ನೋಡಿ.”

ಅಂಗಡಿಯಲ್ಲಿ ಪರೀಕ್ಷೆಗೆಂದೇ ತೆರೆದಿಟ್ಟ ಯಂತ್ರವೊಂದಿದ್ದಿತು. ಮಾದರಿಗೆಂದು ಇರಿಸಿಕೊಂಡಿದ್ದ ೩೦೫೦ ಒಂದನ್ನೂ ಆ ಹಳೆಯ ಕಾರ್ಡನ್ನೂ ಒಂದಾದ ಮೇಲೊಂದರಂತೆ ಅದಕ್ಕೆ ಸೇರಿಸಿ ತೋರಿಸಿದನು. ಮೊದಲು ಒಂದು ಆಟ. ಅದರಲ್ಲಿ ಹಿರಿಯದೇ ಮುಂದು. ಸಾಮಾನ್ಯವಾಗಿ ಆಟಗಳಲ್ಲಿ ಅದು ಸುಮಾರು ಮೂರನೆಯ ಒಂದು ಪಾಲು, ಕೆಲವೆಡೆ ಅದಕ್ಕೂ ಹೆಚ್ಚು ಮುಂದಿರುವುದುಂಟು. ಹುಡುಗಿಯು ನಕ್ಕಳು. ಆದರೆ ಅದರ ಬೀಸಣಿಗೆಗಳ ಮೊರೆತದಿಂದ ಮಾತು ಕೇಳದಂತಾಯಿತು. ತಾಯಿಯು ಹತ್ತಿರ ಕೈಯೊಡ್ಡಿ, “ಒಲೆಯ ಮುಂದೆ ಕೂತ ಹಾಗಿದೆಯಲ್ಲಾ!” ಎಂದರು.

ಅನಂತರ ಹುಡುಗಿಯು ಮನೆಯಿಂದ ತಂದಿದ್ದ ತನ್ನದೇ ದೃಶ್ಯವನ್ನು ಬ್ಲೆಂಡರಿನಲ್ಲಿ ತೆರೆದಳು: ಕಲ್ಲಿನ ಮಂಟಪ, ಮಧ್ಯದಲ್ಲಿ ಉರಿಯುವ ಒಂದು ಹಣತೆ. ಈ ಬಾರಿ ಚಿತ್ರವನ್ನು ಮೊದಲು ಮುಗಿಸಿದುದು ಕಿರಿಯದು. ಇದರ ಗುಟ್ಟನ್ನು ತಿಳಿಯುವುದು ಕಷ್ಟವಲ್ಲ. ಹಣತೆಯ ಬೆಳಕು ಕಂಬಕ್ಕೆ ತಾಗಿ, ನೆಲಕ್ಕೆ ಚಿಮ್ಮಿ, ಕಣ್ಣಿಗೆ ಬರುವ ದಾರಿಯನ್ನು ಕಿರಣ ಕಿರಣವಾಗಿ ಲೆಕ್ಕಿಸುವ ಕ್ರಮಕ್ಕೆ ರೇ ಟ್ರೇಸಿಂಗ್ ಎಂದು ಹೆಸರು. ಕಿರಿಯ ಕಾರ್ಡಿನಲ್ಲಿ ಈ ಒಂದೇ ಕೆಲಸಕ್ಕೆ ಮೀಸಲಾದ ಭಾಗಗಳಿವೆ. ಬ್ಲೆಂಡರು ಅವುಗಳನ್ನು ಬಳಸಿಕೊಳ್ಳಬಲ್ಲದು. ೨೦೧೭ರಲ್ಲಿ ಅಂಥ ಭಾಗಗಳು ಈ ಸಾಲಿನ ಯಾವ ಕಾರ್ಡಿನಲ್ಲಿಯೂ ಇರಲಿಲ್ಲ. ಹಿರಿಯದು ಅದೇ ಲೆಕ್ಕವನ್ನು ಸಾಮಾನ್ಯ ಕೈಗಳಿಂದಲೇ ಮಾಡಬೇಕು. ಇಪ್ಪತ್ತು ಜಟ್ಟಿಗಳು ಕೂಡಿದರೂ ಒಬ್ಬ ಅಕ್ಕಸಾಲಿಗನ ಕೆಲಸವನ್ನು ಅವನಷ್ಟು ಬೇಗ ಮಾಡಲಾರರು.

ಹುಡುಗಿಯು ಅಷ್ಟಕ್ಕೇ ಸೋಲಲಿಲ್ಲ. “ದೊಡ್ಡ ದೃಶ್ಯ ಮಾಡಿದರೆ ಎಂಟು ಜಿಬಿ ಸಾಲದಲ್ಲಾ ಅಣ್ಣಾ?” ಎಂದಳು. ಅದು ನ್ಯಾಯವಾದ ಪ್ರಶ್ನೆ. ದೃಶ್ಯದ ಗಾತ್ರವು ಕಾರ್ಡಿನ ಸ್ಮರಣೆಯನ್ನು ಮೀರಿದರೆ ಎಷ್ಟು ಚುರುಕಾದ ಕಾರ್ಡೂ ತಡವರಿಸುವುದು. ಅಲ್ಲಿ ಹಿರಿಯದರ ಮೂರು ಜಿಬಿ ನಿಜವಾದ ಸಂಪತ್ತು. ವ್ಯಾಪಾರಿಯೂ ಅದನ್ನು ಒಪ್ಪಿ, ಬಳಿಕ ಮುಖ್ಯವಾದ ಮಾತನ್ನೆತ್ತಿದನು.

“ತಂಗೀ, ಬಲ ಇದೆ, ನಿಜ. ಆದರೆ ಇದನ್ನು ಇನ್ನು ನೋಡಿಕೊಳ್ಳುವವರು ಯಾರು?”

ಆ ಮಾತಿನ ಅರ್ಥ ಹೀಗೆ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎನ್ನುವರು. ಹೊಸ ಆಟ, ಹೊಸ ತಂತ್ರಾಂಶ ಬಂದಂತೆಲ್ಲ ಕಂಪನಿಯವರು ಅದನ್ನು ತಿದ್ದುತ್ತಿರಬೇಕು. ೧೦೮೦ ಟಿಐಯ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರನ್ನು ಹೊಂದಿಸಿಕೊಡುವ ಕೆಲಸವು ೨೦೨೫ರ ಅಕ್ಟೋಬರಿಗೆ ನಿಂತುಹೋಯಿತು. ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳು ಮಾತ್ರ ಮೂರು ತಿಂಗಳಿಗೊಮ್ಮೆ ೨೦೨೮ರ ಅಕ್ಟೋಬರಿನವರೆಗೆ ಬರುವುವೆಂದು ಕಂಪನಿಯು ಪ್ರಕಟಿಸಿರುವುದು. ಲೆಕ್ಕದ ಕೆಲಸಗಳಿಗೆ ತಂತ್ರಾಂಶ ಬರೆಯುವವರು ಬಳಸುವ ಕುಡಾ ಎಂಬ ಸಾಧನದ ೧೩ನೆಯ ಆವೃತ್ತಿಯು ೨೦೨೫ರ ಆಗಸ್ಟಿನಲ್ಲಿ ಬಂದಾಗಲೇ ಈ ಪೀಳಿಗೆಯನ್ನು ಕೈಬಿಟ್ಟಿತ್ತು. ೨೦೨೪ರ ಡಿಸೆಂಬರಿನಲ್ಲಿ ಹೊರಬಂದ ಇಂಡಿಯಾನಾ ಜೋನ್ಸ್ ಆಟವು ರೇ ಟ್ರೇಸಿಂಗಿನ ಭಾಗಗಳಿಲ್ಲದ ಕಾರ್ಡನ್ನು ಬಾಗಿಲಲ್ಲೇ ತಡೆಯುವುದು. ಹಿರಿಯದರ ತೋಳು ಸೋತಿಲ್ಲ; ಅದು ಆಡುವ ಭಾಷೆಯನ್ನು ಕಲಿಯುವವರು ಕಡಿಮೆಯಾಗುತ್ತಿರುವರು.

ಇನ್ನು ಮನೆವಾರ್ತೆಯ ಲೆಕ್ಕ. ಹಿರಿಯದು ಪೂರ್ಣವಾಗಿ ದುಡಿಯುವಾಗ ೨೫೦ ವ್ಯಾಟ್ ವಿದ್ಯುತ್ತನ್ನು ಎಳೆಯುವುದು, ಕಿರಿಯದು ೧೩೦. ದಿನಕ್ಕೆ ಐದು ಗಂಟೆ ದುಡಿಸಿದರೆ ತಿಂಗಳಿಗೆ ೧೮ ಯೂನಿಟ್ಟಿನ ಅಂತರ. ಯೂನಿಟ್ಟಿಗೆ ೬ ರೂಪಾಯಿ ಹಿಡಿದರೂ ವರ್ಷಕ್ಕೆ ಸುಮಾರು ೧,೩೦೦ ರೂಪಾಯಿ. ಇದೂ ಅಲ್ಲದೆ, ಹಿರಿಯದಕ್ಕೆ ೬೦೦ ವ್ಯಾಟಿನ ಪವರ್ ಸಪ್ಲೈ ಬೇಕೆಂದು ಕಂಪನಿಯ ಸೂಚನೆ. ಕಿರಿಯದಕ್ಕೆ ೫೫೦ ಸಾಕು. ಹುಡುಗಿಯ ಮನೆಯಲ್ಲಿದ್ದುದು ೫೫೦ರದು. ಹಿರಿಯದನ್ನು ಕೊಂಡರೆ ಅದನ್ನೂ ಬದಲಿಸಬೇಕು. ತಾಯಿಯು ಬೆರಳು ಮಡಿಸಿ ಎಣಿಸಿ, “ಉಳಿಸಿದ್ದು ಹೋಯಿತು, ಮೇಲೆ ಕೈಯಿಂದ ಬಿತ್ತು,” ಎಂದರು.

ಕಿರಿಯದನ್ನು ಕೊಳ್ಳುವವರೂ ಒಂದು ಎಚ್ಚರಿಕೆಯನ್ನು ಮರೆಯಲಾಗದು. ೩೦೫೦ ಎಂಬ ಒಂದೇ ಹೆಸರಿನಲ್ಲಿ ಇಬ್ಬರಿರುವರು. ೨೦೨೪ರ ಫೆಬ್ರವರಿಯಲ್ಲಿ ಬಂದ ೬ ಜಿಬಿಯ ೩೦೫೦ದಲ್ಲಿ ಸ್ಮರಣೆ ಮಾತ್ರವಲ್ಲ, ಕೋರುಗಳೂ ಕಡಿಮೆ; ೨,೩೦೪. ಅದು ಎಳೆಯುವುದು ೭೦ ವ್ಯಾಟ್ ಮಾತ್ರವಾದುದರಿಂದ ಸಣ್ಣ ಪವರ್ ಸಪ್ಲೈ ಇರುವ ಕಂಪ್ಯೂಟರಿಗೆ ಅದು ಅನುಕೂಲವೇ. ಆದರೆ ೮ ಜಿಬಿಯ ಬೆಲೆ ಕೊಟ್ಟು ೬ ಜಿಬಿಯದನ್ನು ತರಬಾರದು. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವನ್ನು ಓದಿಯೇ ಹಣ ಕೊಡತಕ್ಕದ್ದು.

ಕೊನೆಗೆ ತಾಯಿಯು ಮಗಳ ಕಡೆ ತಿರುಗಿ, “ನಿನ್ನ ಕೆಲಸ, ನಿನ್ನ ಮಾತು,” ಎಂದರು. ಹುಡುಗಿಯು ಹಿರಿಯದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ ಮೇಜಿನ ಮೇಲಿಟ್ಟಳು. “ಓದು ಮುಗಿದ ಮೇಲೂ ಇದರಲ್ಲೇ ದುಡಿಯಬೇಕು ಅಮ್ಮಾ. ಹೊಸದೇ ಇರಲಿ. ದೃಶ್ಯವನ್ನು ಎಂಟರೊಳಗೆ ಹಿಡಿಸುತ್ತೇನೆ.” ಎಂಟು ಜಿಬಿಯ ಪೆಟ್ಟಿಗೆಯು ಜಿ.ಎಸ್.ಟಿ. ರಸೀದಿಯೊಡನೆ, ಮೂರು ವರ್ಷದ ಗ್ಯಾರಂಟಿಯೊಡನೆ ಕೈಚೀಲ ಸೇರಿತು. ಚೀಟಿಯ ಹಣದಲ್ಲಿ ಊಟಕ್ಕೂ ರೈಲಿಗೂ ಸಾಲುವಷ್ಟು ಉಳಿಯಿತು.

ಇಷ್ಟರಿಂದ ಹಿರಿಯ ಕಾರ್ಡು ನಿರುಪಯೋಗಿಯೆಂದು ವಾಚಕರು ಭಾವಿಸಬಾರದು. ಇರುವ ಹಿರಿಯದನ್ನು ಉಳಿಸಿಕೊಳ್ಳುವುದು ಬೇರೆ, ಹೊರಗಿನಿಂದ ಕೊಂಡು ತರುವುದು ಬೇರೆ. ಮನೆಯಲ್ಲಿ ೧೦೮೦ ಟಿಐ ಇದ್ದು, ಅದು ಮಕ್ಕಳ ಹಳೆಯ ಆಟಗಳನ್ನು ಚೆನ್ನಾಗಿ ನಡೆಸುತ್ತಿದ್ದರೆ, ಹೊಸ ಹೆಸರಿಗೆ ಮರುಳಾಗಿ ೩೦೫೦ವನ್ನು ತರುವುದು ನಷ್ಟದ ಬಾಬು. ಅದೇ ರಸ್ತೆಯಲ್ಲಿ ಬೀಸಣಿಗೆ ಬದಲಿಸಿ, ಧೂಳು ತೆಗೆದು, ಚಿಪ್ಪಿನ ಮೇಲೆ ಒಣಗಿದ ಲೇಪವನ್ನು ಹೊಸದಾಗಿ ಹಚ್ಚಿಕೊಡುವ ಕೆಲಸಗಾರರಿರುವರು. ಅವರ ಕೈಸೇರಿದ ಕಾರ್ಡು ಇನ್ನೂ ಕೆಲವು ವರ್ಷ ಬಾಳೀತು.

ಅಪರಿಚಿತರಿಂದ ಹಳೆಯದನ್ನು ಕೊಳ್ಳಲೇಬೇಕಾದವರು ಅದರ ಪೂರ್ವಚರಿತ್ರೆಯನ್ನು ವಿಚಾರಿಸಬೇಕು. ಎಥೀರಿಯಮ್ ಎಂಬ ನಾಣ್ಯದ ಗಣಿಗಾರಿಕೆಯು ಗ್ರಾಫಿಕ್ಸ್ ಕಾರ್ಡುಗಳ ಮೂಲಕ ೨೦೨೨ರ ಸೆಪ್ಟೆಂಬರಿನವರೆಗೆ ನಡೆಯಿತು. ಹಗಲಿರುಳೆನ್ನದೆ ಅದರಲ್ಲಿ ದುಡಿದ ಅನೇಕ ಕಾರ್ಡುಗಳು ಬಳಿಕ ಮಾರುಕಟ್ಟೆಗೆ ಬಂದುವು. ಹಳೆಯ ಚಿಪ್ಪಿಗೆ ದೊಡ್ಡ ಹೆಸರು ಬರೆದು ಮಾರುವ ಮೋಸವೂ ಉಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಿಂದ ಕಾರ್ಡಿನ ಗುರುತನ್ನು ನೋಡಿ, ಅರ್ಧ ಗಂಟೆಯಾದರೂ ಪೂರ್ಣವಾಗಿ ದುಡಿಸಿ, ಬಿಸಿಯನ್ನೂ ಸದ್ದನ್ನೂ ಗಮನಿಸಿದ ಮೇಲೆಯೇ ಹಣವನ್ನು ಎಣಿಸತಕ್ಕದ್ದು. ಒಳ್ಳೆಯ ವ್ಯಾಪಾರಿಯು ಇದಕ್ಕೆ ಬೇಸರಪಡುವುದಿಲ್ಲ. ಬೇಸರಪಡುವವನ ಅಂಗಡಿಯಿಂದ ಇಳಿದುಬರುವುದೇ ಲೇಸು.

ಸಂಜೆಯ ಹೊತ್ತಿಗೆ ಎಸ್.ಪಿ. ರಸ್ತೆಯಲ್ಲಿ ದೀಪಗಳು ಹತ್ತಿದುವು. ಅಂಗಡಿಗಳ ಮುಂದೆ ಬಿದ್ದ ಖಾಲಿ ರಟ್ಟುಗಳನ್ನು ಮಡಿಸಿ ಕಟ್ಟುವವರು ತಮ್ಮ ಕೆಲಸಕ್ಕೆ ತೊಡಗಿದ್ದರು. ಒಂದು ಮೂಲೆಯಲ್ಲಿ ಹುಡುಗನೊಬ್ಬನು ಯಾರೋ ಬಿಟ್ಟುಹೋದ ಹಳೆಯ ಕಾರ್ಡಿನ ತಿರುಪುಗಳನ್ನು ಬಿಚ್ಚಿ, ಉಪಯೋಗಕ್ಕೆ ಬರುವ ಬೀಸಣಿಗೆಗಳನ್ನು ಬೇರೆ ಎತ್ತಿಡುತ್ತಿದ್ದನು. ಮಗ್ಗುಲಲ್ಲೇ ಮರುದಿನದ ಹೊಸ ಪೆಟ್ಟಿಗೆಗಳು ಕೈಗಾಡಿಯಿಂದ ಇಳಿಯುತ್ತಿದ್ದುವು.