ಮಗಳ ಗಾಲಿ ಹಲಗಿ

ಅಕ್ಕಾರ, ಹೋದ ವರ್ಷ ಬ್ಯಾಸಗಿಯೊಳಗ ಮಗಳ ಮನಿಗೆ, ಅಮೆರಿಕದ ಕೊಲೊರಾಡೋಕ್ಕ ಹೋಗಿದ್ದೆ. ಚಳಿಗಾಲದಾಗ ಅಲ್ಲಿ ಕಾಲಿಗೆ ಹಲಗಿ ಕಟ್ಟಿಕೊಂಡು ಹಿಮದ ಮ್ಯಾಲೆ ಜಾರತಾರ. ಹಿಮ ಕರಗಿದ ಮ್ಯಾಲೆ ಸುಮ್ನ ಕೂಡೋದು ಹ್ಯಾಂಗ ಅಂತ 1990ರ ದಶಕದಾಗ ಅಂಥಾ ಹಲಗಿಗೆ ನಾಲ್ಕು ಗಾಲಿ ಹಚ್ಚಿದ್ರು. ಅದಕ್ಕ ಮೌಂಟನ್‌ಬೋರ್ಡ್ ಅಂತಾರ. ಗಾಳಿ ತುಂಬಿದ ದಪ್ಪ ಟೈರು. ಹುಲ್ಲು, ಮಣ್ಣು, ಖಡಿ, ಎಲ್ಲಾದರ ಮ್ಯಾಲೂ ಓಡತದ.

ಮಗಳು ಅದರ ಮ್ಯಾಲೆ ನಿಂತು ಗುಡ್ಡ ಇಳಿಯೋದು ನೋಡಿ ಎದಿ ಧಸಕ್ಕಂತು. ಬಿದ್ಲು ಸುದ್ದಾ. "ಸಾಕಿನ್ನ, ಬಿಟ್ಟಬಿಡು" ಅಂದೆ. ಆಕಿ ಮಣ್ಣು ಝಾಡಿಸಿಕೊಂಡು, "ಅವ್ವಾ, ಮೊದಲ ಕಲಿಯೋದ ನಿಲ್ಲೋದು, ಬೀಳೋದು. ಗುಡ್ಡಕ್ಕ ಅಡ್ಡ ತಿರುಗಿದ್ರ ವೇಗ ಇಳೀತದ. ಬೀಳೋವಾಗ ಕೈ ಊರಬಾರದು, ಮಣಿಕಟ್ಟು ಮುರೀತದ" ಅಂದ್ಲು.

ನಾ ಸಣ್ಣಾಕಿದ್ದಾಗ ಸೈಕಲ್ ಕಲೀಲಿಕ್ಕೆ ಹೋಗಿ ಬಿದ್ದಿದ್ದೆ. ಅಪ್ಪಾರೂ ಇದ ಮಾತು ಅಂದಿದ್ರು, "ಸಾಕಿನ್ನ." ಇವತ್ತಿಗೂ ನನಗ ಸೈಕಲ್ ಬರಂಗಿಲ್ಲ.

ಮುಂದಿನ ರವಿವಾರ ಆಕಿ ಮಣಿಕಟ್ಟಿನ ಪಟ್ಟಿ ನಾನ ಬಿಗದೆ. ಹೆಲ್ಮೆಟ್ಟಿನ ಬೆಲ್ಟು ಎರಡ ಸಲ ಜಗ್ಗಿ ನೋಡಿದೆ. ನೆನಸಿದ್ರ ಎದಿ ಈಗೂ ಧಸಕ್ ಅಂತದ ಬಿಡ್ರಿ. ಆದ್ರ "ಸಾಕಿನ್ನ" ಅನ್ನೋ ಮಾತು ಮತ್ತ ಆಡಲಿಲ್ಲ.