ಕಾಲಿನ ಜೋಮು ಕಲಿಸಿದ ಪಾಠ

ಕಳೆದ ಮಳೆಗಾಲದ ಒಂದು ಸಂಜೆ. ಕಚೇರಿ ಮುಗಿಸಿ ಹಾರ್ಬರ್ ಲೈನಿನ ಗಾಡಿಯಲ್ಲಿ ಚೆಂಬೂರಿಗೆ ಬಂದಿಳಿದು, ಎಂದಿನ ನೂಕುನುಗ್ಗಲಿನಲ್ಲಿ ಸೇತುವೆ ಹತ್ತಿ ಇಳಿಯುತ್ತಿದ್ದೆ. ಹಿಂದಿನಿಂದ ಯಾರೋ ಹುಡುಗ "ಅಂಕಲ್, ಆಪ್‌ಕಾ ಚಪ್ಪಲ್!" ಎಂದು ಕೂಗಿದ. ನೋಡುತ್ತೇನೆ, ನನ್ನ ಬಲಗಾಲು ಬರಿಗಾಲು! ಚಪ್ಪಲಿ ಹತ್ತು ಮೆಟ್ಟಿಲು ಮೇಲೆಯೇ ಉಳಿದಿತ್ತು. ಕಾಲಿಗೆ ಅದರ ಅರಿವೇ ಇರಲಿಲ್ಲ. ಹುಡುಗ ನಕ್ಕ, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ.

ಹಾಗೆಂದು ಇದು ಇದ್ದಕ್ಕಿದ್ದಂತೆ ಬಂದದ್ದಲ್ಲ. ಒಂದು ವರ್ಷದಿಂದ ಅಂಗಾಲಿನಲ್ಲಿ ಜೋಮು, ರಾತ್ರಿ ಉರಿ, ಬೆರಳ ಸಂದಿಯಲ್ಲಿ ಇರುವೆ ಹರಿದಂಥ ಅನುಭವ. ಸಕ್ಕರೆ ಕಾಯಿಲೆ ನನಗೆ ಎಂಟು ವರ್ಷದ ಸಂಗಾತಿ. ಮೆಟ್‌ಫಾರ್ಮಿನ್ ಗುಳಿಗೆ ನಿತ್ಯದ ನೈವೇದ್ಯ. "ಸಕ್ಕರೆಯವರಿಗೆ ಇದೆಲ್ಲ ಇದ್ದದ್ದೇ" ಎಂದು ನಾನೇ ತೀರ್ಪು ಬರೆದು ಕಡತ ಮುಚ್ಚಿದ್ದೆ. ಗುಮಾಸ್ತನಿಗೆ ಅದು ಹೇಳಿಕೊಡಬೇಕೆ?

ನಮ್ಮಲ್ಲಿ ಸಲಹೆಗೇನೂ ಬರವಿಲ್ಲ. ಪಕ್ಕದ ಮೇಜಿನ ಮಿತ್ರರು ನರಗಳಿಗೆ ಒಳ್ಳೆಯದೆಂದು ಒಂದು ಗುಳಿಗೆ ಹೇಳಿದರು. ಔಷಧದಂಗಡಿಯವನು ಎರಡನೆಯದನ್ನು ಕೊಟ್ಟ. ನಮ್ಮ ಕಟ್ಟಡದ ಹಿರಿಯರೊಬ್ಬರು ಮೂರನೆಯದನ್ನು ಪ್ರೀತಿಯಿಂದ ತಂದೇ ಕೊಟ್ಟರು. ಮೂರೂ ಡಬ್ಬಿಗಳು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಸಾಲಾಗಿ ಕುಳಿತವು. ವಿಟಮಿನ್ ತಾನೇ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬುದು ನನ್ನ ಬಿ.ಎಸ್ಸಿ. ಜ್ಞಾನ! ಮೊದಲೆರಡು ತಿಂಗಳು ಹಗುರವೆನಿಸಿತು; ಆಮೇಲೆ ಉರಿ ಮೊದಲಿಗಿಂತ ಹೆಚ್ಚಾಯಿತು.

ಚಪ್ಪಲಿಯ ಪ್ರಸಂಗದ ಮರುದಿನ ಹೆಂಡತಿ ಬಿಡಲಿಲ್ಲ. ನೋಡಿದ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. "ನೀವು ನುಂಗುವುದನ್ನೆಲ್ಲ ಒಂದು ಚೀಲದಲ್ಲಿ ತನ್ನಿ" ಎಂದರು. ತಂದೆ. ಚೀಟಿ ಓದುತ್ತ ಹೋದರು, ನನ್ನಿಂದಲೇ ಕೂಡಿಸಿದರು. ಬಿ6 ಒಂದರಲ್ಲಿ 3 ಮಿಲಿಗ್ರಾಂ, ಇನ್ನೊಂದರಲ್ಲಿ 10, ಮತ್ತೊಂದರಲ್ಲಿ 50, ಒಟ್ಟು 63. ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ ಮಾತ್ರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಮೇಲಿನ ಮಿತಿಯನ್ನು 12 ಎಂದು ಗೊತ್ತುಮಾಡಿದೆ. ಬಿ6 ಬಹುಕಾಲ ಅತಿಯಾದರೆ ಅದೇ ನರಗಳನ್ನು ಕೆಡಿಸಿ ಜೋಮು ತರುತ್ತದೆಯಂತೆ. ಮದ್ದೆಂದು ನಂಬಿ ನಾನು ಬೇನೆಯನ್ನೇ ನುಂಗುತ್ತಿದ್ದೆನೇನೋ!

ರಕ್ತ ಪರೀಕ್ಷೆಯಲ್ಲಿ ಬಿ12 ತೀರ ಕಡಿಮೆ ಎಂದು ಬಂತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕುಗ್ಗುತ್ತದೆ. ನಮ್ಮ ಸಾರು, ಹುಳಿ, ಪಲ್ಯಗಳಲ್ಲಿ ಅದು ಇಲ್ಲವೇ ಇಲ್ಲ. ಸೂಕ್ಷ್ಮಜೀವಿಗಳು ತಯಾರಿಸುವ ಆ ವಸ್ತು ಸಸ್ಯಾಹಾರಿಗಳಿಗೆ ದೊರೆಯುವುದು ಹಾಲು ಮೊಸರಿನಿಂದ. ಬೊಜ್ಜು ಕರಗಿಸಲೆಂದು ನಾನು ಅದನ್ನೂ ಬಿಟ್ಟಿದ್ದೆ. ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ನರಕ್ಕೂ ಒಂದು ಹೊದಿಕೆ ಉಂಟು. ಬಿ12 ಇಲ್ಲದಿದ್ದರೆ ಅದು ಸವೆಯುತ್ತದೆ. ಸಕ್ಕರೆಯ ಪಾಲೆಷ್ಟು, ಇದರ ಪಾಲೆಷ್ಟು ಎಂದು ತಕ್ಕಡಿಯಲ್ಲಿ ತೂಗಲಾಗದು ಎಂದೂ ವೈದ್ಯೆ ಹೇಳಿದರು.

ಆಮೇಲೆ ಓದಿದೆ. ನಮಗೆ ದೂರವಲ್ಲದ ಪರೇಲಿನ ಹಾಫ್‌ಕಿನ್ ಸಂಸ್ಥೆಗೂ ವಿಟಮಿನ್ನಿಗೂ ನಂಟಿದೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಗಳ ಗರ್ಭಿಣಿಯರ ರಕ್ತಹೀನತೆ ಮಾರ್ಮೈಟ್ ಎಂಬ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ಆದರೆ ಒಂದು ಎಚ್ಚರಿಕೆ: ಬಿ12 ಕೊರತೆಯವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಸಾಗುತ್ತದೆ.

ಇದನ್ನು ಓದಿದಾಗ ಊರಿನಲ್ಲಿದ್ದ ಅಮ್ಮನ ನೆನಪಾಯಿತು. ಮನೆಯ ಹಾಲನ್ನೆಲ್ಲ ನಮಗೆ ಬಡಿಸಿ ತಾನು ನೀರು ಮಜ್ಜಿಗೆ ಕುಡಿದವಳು. "ಹತ್ತಿಯ ಮೇಲೆ ನಡೆದ ಹಾಗಾಗ್ತದೆ ಕಣೋ" ಎನ್ನುತ್ತಿದ್ದಳು. ರಕ್ತ ಕಡಿಮೆಯೆಂದು ಕಬ್ಬಿಣ, ಫೋಲಿಕ್ ಆಮ್ಲದ ಗುಳಿಗೆ ಕೊಡಿಸಿದೆವು. ಮುಖಕ್ಕೆ ಕಳೆ ಬಂತು, ನಡಿಗೆ ಮಾತ್ರ ತೊಡರುತ್ತಲೇ ಹೋಯಿತು. ವಯಸ್ಸಾಯಿತು ಎಂದು ನಾವು ಸುಮ್ಮನಾದೆವು. ಅವಳ ಕೊರತೆ ಇದೇ ಆಗಿತ್ತೆಂದು ನಾನು ಹೇಳಲಾರೆ. ಒಂದು ರಕ್ತ ಪರೀಕ್ಷೆ ಮಾಡಿಸಬಹುದಿತ್ತು ಎಂದಷ್ಟೇ ಹೇಳಬಲ್ಲೆ. ಈಗ ಅವಳಿಲ್ಲ.

ಮೂರು ಡಬ್ಬಿಗಳೂ ಹೋದವು. ಬಿ12ರ ಕೆಂಪು ಬಣ್ಣದ ಸೂಜಿಮದ್ದು ಕೆಲವು ತಿಂಗಳು ನಡೆಯಿತು. ಈಗ ವೈದ್ಯೆ ಹೇಳಿದ ಒಂದೇ ಗುಳಿಗೆ. ಮೊಸರು ಮತ್ತೆ ತಟ್ಟೆಗೆ ಬಂದಿದೆ. ಉರಿ ಬಹಳ ಇಳಿದಿದೆ, ರಾತ್ರಿ ನಿದ್ದೆ ಬರುತ್ತದೆ. ಎರಡು ಬೆರಳುಗಳ ಜೋಮು ಹಾಗೆಯೇ ಇದೆ. ನರಗಳು ನಿಧಾನವಾಗಿ ಚಿಗುರುತ್ತವೆ, ಎಲ್ಲವೂ ಮರಳುವುದೆಂಬ ಭರವಸೆಯಿಲ್ಲ.

ನಮ್ಮ ಸಂಘದಲ್ಲಿ ಸಕ್ಕರೆಯವರು ಅನೇಕರಿದ್ದಾರೆ, ಸಸ್ಯಾಹಾರಿಗಳೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೆ: ಕಾಲು ಜೋಮು ಹಿಡಿದರೆ ಅಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗಿ, ಬಿ12 ಪರೀಕ್ಷೆಯ ಬಗ್ಗೆ ಕೇಳಿ, ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ತೋರಿಸಿ. ಮೆಟ್‌ಫಾರ್ಮಿನ್ನನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಮನೆಯ ಹಿರಿಯರು ಹತ್ತಿಯ ಮಾತಾಡಿದರೆ ದಯವಿಟ್ಟು ನಗಬೇಡಿ.

ನಾನೀಗ ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕುತ್ತೇನೆ. ರಾತ್ರಿ ಮಲಗುವ ಮುನ್ನ ಮಗಳು ಕನ್ನಡಿ ಹಿಡಿದು ನನ್ನ ಅಂಗಾಲಿನಲ್ಲಿ ಗಾಯವೇನಾದರೂ ಇದೆಯೇ ಎಂದು ನೋಡುತ್ತಾಳೆ.